ಮಿತ ಜೀವನವೆಂದರೆ ಜಿಪುಣತನವೇ?



ಒಂದೇ ಓಣಿಯಲ್ಲಿ ಇಬ್ಬರು ಗೃಹಸ್ಥರಿದ್ದಾರೆಂದು ಭಾವಿಸೋಣ. ಇಬ್ಬರೂ ಅನುಕೂಲಸ್ಥರು. ಇಬ್ಬರ ಮನೆಯಲ್ಲಿಯೂ ಬೇಡದ ದೀಪ ಉರಿಯುವುದಿಲ್ಲ, ನಳದ ನೀರು ವ್ಯರ್ಥವಾಗುವುದಿಲ್ಲ, ತಾಟಿನಲ್ಲಿ ಅನ್ನ ಉಳಿಯುವುದಿಲ್ಲ. ಅಂಗಿಯ ಕಾಲರು ಸವೆದರೆ ತಿರುವಿ ಹೊಲಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಸಮಾನರು. ಆದರೆ ಒಬ್ಬನು ಹೀಗೆ ಬಾಳುವುದು ಉಳಿದ ಹಣವನ್ನು ಎಣಿಸಿ ಇಡುವ ಸಲುವಾಗಿ. ಇನ್ನೊಬ್ಬನು ಬಾಳುವುದು ತನಗೆ ಇಷ್ಟು ಸಾಕು ಎಂಬ ನಿಶ್ಚಯದಿಂದ. ಲೋಕವು ಮೊದಲನೆಯವನನ್ನು ಜಿಪುಣನೆಂದೂ ಎರಡನೆಯವನನ್ನು ಸಂಯಮಿಯೆಂದೂ ಕರೆಯುತ್ತದೆ. ನೀರಿಗೆ, ವಿದ್ಯುತ್ತಿಗೆ, ಮರಗಿಡಗಳಿಗೆ ಈ ಭೇದ ತಿಳಿಯದು. ಜಿಪುಣನು ಉಳಿಸಿದ ಕೊಡವೂ ಸಂಯಮಿಯು ಉಳಿಸಿದ ಕೊಡವೂ ಒಂದೇ ಅಳತೆಯವು. ಹಾಗಾದರೆ ಈ ಭೇದಕ್ಕೆ ಅರ್ಥವುಂಟೇ? ಪರಿಸರದ ರಕ್ಷಣೆಗೆ ಜಿಪುಣತನವೊಂದೇ ಸಾಲದೇ? ಈ ಪ್ರಶ್ನೆಯನ್ನು ನಗರವಾಸಿಗಳಾದ ನಾವು, ಅದರಲ್ಲಿಯೂ ವ್ಯಾಪಾರವನ್ನೇ ಜೀವನೋಪಾಯ ಮಾಡಿಕೊಂಡ ನಾವು, ಸ್ವಲ್ಪ ಶಾಂತಚಿತ್ತದಿಂದ ಆಲೋಚಿಸಬೇಕಾಗಿದೆ.

ನಮ್ಮ ಆಚಾರ್ಯರು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ನೋಡಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ವಸ್ತುವಿನ ಸಂಖ್ಯೆಯೆಂದು ಹೇಳಲಿಲ್ಲ. ವಸ್ತುವಿನ ಮೇಲಿನ ಮೂರ್ಛೆಯೇ, ಅಂದರೆ ಮಮಕಾರವೇ ಪರಿಗ್ರಹವೆಂದರು. ಇದರಂತೆ ನೋಡಿದರೆ ಹರಿದ ಅಂಗಿ ತೊಟ್ಟ ಜಿಪುಣನು ಮಹಾಪರಿಗ್ರಹಿಯೇ ಸರಿ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನಿಗೆ ಮೂರು ಗುಣವ್ರತಗಳನ್ನು ವಿಧಿಸಿದರು: ದಿಗ್ವ್ರತ, ಅನರ್ಥದಂಡವ್ರತ, ಭೋಗೋಪಭೋಗ ಪರಿಮಾಣವ್ರತ. ಇವುಗಳಲ್ಲಿ ಅನರ್ಥದಂಡದ ವಿವರಣೆಯನ್ನು ಓದಿದಾಗ ಇಂದಿನ ನಗರಕ್ಕಾಗಿಯೇ ಬರೆದಂತೆ ತೋರುತ್ತದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಬೀಸುವುದು, ಗಿಡಮರಗಳನ್ನು ಕಡಿಯುವುದು, ಸುಮ್ಮನೆ ಅಲೆದಾಡುವುದು ಮತ್ತು ಅಲೆದಾಡಿಸುವುದು ಇವೆಲ್ಲವೂ ಪ್ರಮಾದದಿಂದಾಗುವ ಪಾಪಗಳೆಂದು ಅಲ್ಲಿ ಎಣಿಸಲಾಗಿದೆ. ಗೃಹಸ್ಥನು ನೀರನ್ನೇ ಬಳಸಕೂಡದು, ಒಲೆಯನ್ನೇ ಹಚ್ಚಕೂಡದು ಎಂದು ಯಾರೂ ಹೇಳಲಿಲ್ಲ. ಪ್ರಯೋಜನವಿಲ್ಲದ್ದನ್ನು ಮಾತ್ರ ಬಿಡು ಎಂದರು. ಅಲ್ಲಿ 'ಅನರ್ಥ' ಎಂದರೆ ಪ್ರಯೋಜನವಿಲ್ಲದ್ದು. ನಮ್ಮ ನಿತ್ಯದ ಮಾತಿನಲ್ಲಿ 'ಅನರ್ಥ' ಎಂದರೆ ಕೇಡು. ಬೇಡದ್ದೇ ಕೊನೆಗೆ ಕೇಡಾಗುತ್ತದೆ ಎಂಬ ಅನುಭವವು ಈ ಒಂದು ಶಬ್ದದಲ್ಲಿಯೇ ಅಡಗಿದೆ.

ಆದರೆ ಹಳ್ಳಿಯಲ್ಲಿ ಸುಲಭವಾಗಿದ್ದ ಈ ವಿವೇಕವು ನಗರದಲ್ಲಿ ಕಠಿಣವಾಗಿದೆ. ಕಾರಣವನ್ನು ಒಂದು ನಿತ್ಯಾಚಾರದಿಂದ ತಿಳಿಯಬಹುದು. ನಮ್ಮ ಹಿರಿಯರು ಬಾವಿಯ ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸಿ ಬಳಸುತ್ತಿದ್ದರು. ಕೆಲಸವು ಅಲ್ಲಿಗೇ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಬಂದಿತ್ತೋ ಅದೇ ಬಾವಿಗೆ ಜೋಪಾನವಾಗಿ ಮರಳಿ ಬಿಡುತ್ತಿದ್ದರು. ಆದ್ದರಿಂದ ಪ್ರತಿಯೊಬ್ಬ ತಾಯಿಗೂ ತನ್ನ ಮನೆಯ ನೀರಿನ ಮೂಲ ಯಾವುದು, ಅಲ್ಲಿ ನೀರು ಎಷ್ಟು ಆಳಕ್ಕಿಳಿದಿದೆ, ಅದರಲ್ಲಿ ಯಾರ ಪಾಲಿದೆ ಎಂಬುದು ದಿನವೂ ತಿಳಿಯುತ್ತಿತ್ತು. ಇಂದು ನಮ್ಮ ಮನೆಯ ನಳಕ್ಕೂ ನಾವು ಬಟ್ಟೆ ಕಟ್ಟುತ್ತೇವೆ. ಬಟ್ಟೆಯಲ್ಲಿ ಉಳಿದದ್ದನ್ನು ಯಾವ ಬಾವಿಗೆ ಬಿಡುವುದು?

ಸೋಲಾಪುರದವರಾದ ನಾವು ಕುಡಿಯುವ ನೀರಿನ ಮೂಲವು ಬಹುಮಟ್ಟಿಗೆ ಭೀಮಾ ನದಿಗೆ ಕಟ್ಟಿದ ಉಜನಿ ಆಣೆಕಟ್ಟು. ಅದು ನಮ್ಮಿಂದ ಸುಮಾರು 100 ಕಿಲೋಮೀಟರು ದೂರದಲ್ಲಿದೆ. ಅಲ್ಲಿಂದ ದೊಡ್ಡ ಕೊಳವೆಗಳ ಮೂಲಕ ನೀರು ಬರುತ್ತದೆ. ಅದೇ ಉಜನಿಗೆ ಮೇಲಿನಿಂದ ಪುಣೆ ಮತ್ತು ಪಿಂಪರಿ-ಚಿಂಚವಾಡ ನಗರಗಳ ಕೊಳಚೆ ನೀರು ಮುಳಾ-ಮುಠಾ ನದಿಗಳ ಮೂಲಕ ಹರಿದುಬರುತ್ತದೆ. ಇತ್ತ ಭೀಮೆಯು ಪಂಢರಪುರವನ್ನು ದಾಟಿ, ನಮ್ಮ ಜಿಲ್ಲೆಯನ್ನು ಬಿಟ್ಟು, ಕರ್ನಾಟಕದ ಅಫಜಲಪುರ ತಾಲೂಕಿನ ಗಾಣಗಾಪುರದ ಕಡೆಗೆ ಸಾಗುತ್ತದೆ. ಪುಣೆಯವರು ಚೆಲ್ಲಿದ್ದು ನಮ್ಮ ಕೊಡಕ್ಕೆ ಬರುತ್ತದೆ. ನಮ್ಮ ಭಾಗದಿಂದ ನದಿಗೆ ಸೇರಿದ್ದು ಕೆಳಗಿನ ಊರುಗಳ ಕೊಡಕ್ಕೆ ಹೋಗುತ್ತದೆ. ಅಲ್ಲಿ ನಮ್ಮ ನೆಂಟರೂ ಇದ್ದಾರೆ, ನೆಂಟರಲ್ಲದವರೂ ಇದ್ದಾರೆ. ಅಂದರೆ ನಮ್ಮ ಬಾವಿ ಇಲ್ಲವಾಗಲಿಲ್ಲ. ಅದು ಕಣ್ಣಿಗೆ ಕಾಣದಷ್ಟು ದೊಡ್ಡದಾಯಿತು, ಅಷ್ಟೆ. ನಗರದಲ್ಲಿ ಅನರ್ಥದಂಡವು ಹೆಚ್ಚಲು ಮುಖ್ಯ ಕಾರಣ ನಮ್ಮ ಮನಸ್ಸಿನ ಕಾಠಿಣ್ಯವಲ್ಲ, ಈ ಕಾಣದಿರುವಿಕೆ. ಗುಂಡಿ ಒತ್ತಿದರೆ ದೀಪ, ತಿರುವಿದರೆ ನೀರು, ಬಾಗಿಲಲ್ಲಿಟ್ಟರೆ ಕಸ ಮಾಯ! ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

1972ರ ಬರಗಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆಗ ನಾನು ಶಾಲೆಯ ಹುಡುಗ. ರೈತರು ಹೊಲ ಬಿಟ್ಟು ಸರಕಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಕಾಯಿಪಲ್ಲೆ ತೊಳೆದ ನೀರು ಆಕಳ ಬಾನಿಗೆ, ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಆಗ ಅದಕ್ಕೆ ಪರಿಸರ ಪ್ರಜ್ಞೆ ಎಂಬ ಹೆಸರಿರಲಿಲ್ಲ. ಮುಂದೆಯೂ ಅನೇಕ ವರ್ಷಗಳ ಕಾಲ ನಮ್ಮ ನಗರದಲ್ಲಿ ಮೂರು ನಾಲ್ಕು ದಿನಗಳಿಗೊಮ್ಮೆ ನಳಕ್ಕೆ ನೀರು ಬರುತ್ತಿತ್ತು. ನೆಲದಡಿಯ ಹೌದು, ಮಾಳಿಗೆಯ ಟಾಕಿ, ಮೋಟಾರು ಇದ್ದವರಿಗೆ ಅದರ ಬಿಸಿ ತಟ್ಟಲಿಲ್ಲ. ಎರಡು ಕೊಡ, ಒಂದು ಪಿಂಪು ಮಾತ್ರ ಇದ್ದ ಮನೆಗೆ ನಾಲ್ಕನೆಯ ದಿನ ಯುಗವಾಗುತ್ತಿತ್ತು. ಒಂದೇ ಕೊಳವೆಯ ಎರಡು ತುದಿಗಳಲ್ಲಿ ಈ ಎರಡು ಮನೆಗಳಿದ್ದವು. ಟಾಕಿಯು ತುಂಬಿ ಹೊರಚೆಲ್ಲಿದಾಗ ಅದರಲ್ಲಿ ಹರಿದದ್ದು ಕೇವಲ ನಮ್ಮ ಹಣದ ನೀರಲ್ಲ, ಕೊಳವೆಯ ಆ ತುದಿಯವರ ಪಾಲು. ನೀರಿನ ಬಿಲ್ಲು ಕಟ್ಟಿದ ಮಾತ್ರಕ್ಕೆ ಆ ಪಾಲು ನಮ್ಮದಾಗುವುದಿಲ್ಲ.

12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಈ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದರು. ಅವರ ಮತ ಬೇರೆ, ನಮ್ಮ ಮತ ಬೇರೆ. ಆದರೂ ಕೆರೆಯ ನೀರು ಯಾರ ಜಾತಿಯನ್ನೂ ಭಾಷೆಯನ್ನೂ ಕೇಳಿ ತೃಷೆಯನ್ನು ತಣಿಸುವುದಿಲ್ಲ. ಕನ್ನಡ, ಮರಾಠಿ, ಗುಜರಾತಿ, ತೆಲುಗು, ಉರ್ದು ಇವೆಲ್ಲವೂ ಕೂಡಿ ಬಾಳುವ ಈ ಊರು ಮೂಲತಃ ಇಂಥ ಪಾಲುಗಾರಿಕೆಯ ಮೇಲೆ ನಿಂತಿದೆ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಜಿಪುಣನ ಉಳಿತಾಯಕ್ಕೂ ಸಂಯಮಿಯ ಉಳಿತಾಯಕ್ಕೂ ಭೇದವೆಲ್ಲಿ? ವ್ಯಾಪಾರಿಯ ಲೆಕ್ಕದಿಂದಲೇ ಹೇಳುವೆ. 60 ವ್ಯಾಟಿನ ಹಳೆಯ ಬಲ್ಬನ್ನು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ, ದಿನಕ್ಕೆ 5 ತಾಸು ಉರಿದಾಗ ಸುಮಾರು ಕಾಲು ಯೂನಿಟ್ ವಿದ್ಯುತ್ತು ಉಳಿಯುತ್ತದೆ. ಇಂಥ ಆರು ದೀಪಗಳಿಂದ ದಿನವಿಡೀ ಉಳಿದದ್ದು ಒಂದೂವರೆ ಯೂನಿಟ್. ಅದೇ ಉಳಿತಾಯದ ಹಣದಿಂದ ಒಂದೂವರೆ ಟನ್ನಿನ ಹವಾನಿಯಂತ್ರಕವನ್ನು ಕೊಂಡರೆ, ಅದು ಪೂರ್ಣ ಬಲದಿಂದ ನಡೆದಾಗ ಸುಮಾರು ಒಂದೇ ತಾಸಿನಲ್ಲಿ ಆ ಒಂದೂವರೆ ಯೂನಿಟ್ಟನ್ನು ನುಂಗುತ್ತದೆ. ಸೋಲಾಪುರದ ಬೇಸಿಗೆಯಲ್ಲಿ ವೃದ್ಧರಿಗೆ, ರೋಗಿಗಳಿಗೆ ತಂಪು ಬೇಡವೆಂದು ನಾನು ಹೇಳಲಾರೆ, ಅದು ಪ್ರಯೋಜನವುಳ್ಳದ್ದು. ನನ್ನ ಮಾತಿನ ಅರ್ಥವಿಷ್ಟೇ: ಮಿತಿಯನ್ನು ನಿಶ್ಚಯಿಸದ ಉಳಿತಾಯವು ಒಂದು ಬಾಗಿಲಿನಿಂದ ಹೊರಗೆ ಹೋಗಿ ಇನ್ನೊಂದು ಬಾಗಿಲಿನಿಂದ ದೊಡ್ಡ ಭೋಗವಾಗಿ ಒಳಗೆ ಬರುತ್ತದೆ. ವರ್ಷವಿಡೀ ಬೆಂಕಿಪೆಟ್ಟಿಗೆಯ ಕಡ್ಡಿ ಎಣಿಸಿದ ಮನೆಯು ಮದುವೆಯ ಒಂದೇ ದಿನದಲ್ಲಿ ನೂರಾರು ಜನರ ಅನ್ನವನ್ನು ಚೆಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಜಿಪುಣನು ಉಳಿಸಿದ್ದು ನಾಳೆ ಅವನದೋ ಅವನ ಮಕ್ಕಳದೋ ಭೋಗವೇ ಆಗುತ್ತದೆ. ಸಂಯಮಿಯು ಉಳಿಸಿದ್ದು ಮತ್ತೊಬ್ಬರ ಪಾಲಾಗುತ್ತದೆ. ಇದೇ ಭೇದ. ಆದ್ದರಿಂದಲೇ ಆಚಾರ್ಯರು 'ಕಡಿಮೆ ಖರ್ಚು ಮಾಡು' ಎಂದು ಬರಿದೆ ಹೇಳದೆ 'ಪರಿಮಾಣ ಮಾಡಿಕೋ' ಎಂದರು.

ಇದು ಕೇವಲ ಶಾಸ್ತ್ರದ ಮಾತಲ್ಲ. ನಮ್ಮ ಸೋಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು 1940ರ ದಶಕದಲ್ಲಿ ತಮ್ಮ ಸಂಪತ್ತನ್ನು ಜೈನ ಸಂಸ್ಕೃತಿ ಸಂರಕ್ಷಕ ಸಂಘಕ್ಕೆ ಅರ್ಪಿಸಿದರು. ಅವರ ಹೆಸರಿನ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1943ರಲ್ಲಿ ತಿಲೋಯಪಣ್ಣತ್ತಿಯ ಮೊದಲ ಭಾಗ ಪ್ರಕಟವಾಯಿತು. ಅದರ ಸಂಪಾದಕರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು. ದಾನ ಸೋಲಾಪುರದ್ದು, ವಿದ್ವತ್ತು ಕನ್ನಡ ನಾಡಿನಿಂದ ಬಂದದ್ದು, ಗ್ರಂಥ ಪ್ರಾಕೃತದ್ದು. ತನಗೆ ಇಷ್ಟು ಸಾಕೆಂದು ಒಬ್ಬರು ನಿಶ್ಚಯಿಸಿದ್ದರಿಂದ ಎಷ್ಟೋ ತಲೆಮಾರುಗಳಿಗೆ ಶಾಸ್ತ್ರಗಳು ಉಳಿದವು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ, ಮತ್ತು ಅದು ನ್ಯಾಯವಾದದ್ದು. ಎಲ್ಲರೂ ಕಡಿಮೆ ಕೊಂಡರೆ ಅಂಗಡಿ ನಡೆಯುವುದು ಹೇಗೆ? ಅಂಗಡಿಯ ಮಾತಿರಲಿ, ನಮ್ಮ ಊರಿನ ಪೂರ್ವಭಾಗದಲ್ಲಿ ಮಗ್ಗಗಳ ಸಪ್ಪಳದ ನಡುವೆ ಚಾದರು, ಟವೆಲ್ಲುಗಳನ್ನು ನೇಯುವ ಪದ್ಮಶಾಲಿ ಬಂಧುಗಳ ಹೊಟ್ಟೆ ತುಂಬುವುದು ಹೇಗೆ? ಬಟ್ಟೆಯ ವ್ಯಾಪಾರದಲ್ಲಿ ತಲೆ ಹಣ್ಣಾದ ನನಗೆ ತೋಚಿದ್ದನ್ನು ಹೇಳುವೆ. ಮಿತ ಜೀವನದ ಹೆಸರಿನಲ್ಲಿ ನೇಕಾರನ ಕೂಲಿಯನ್ನು ಕಿತ್ತು, ಕಾಯಿಪಲ್ಲೆ ಮಾರುವ ಮುದುಕಿಯೊಡನೆ ಎರಡು ರೂಪಾಯಿಗೆ ಜಗಳವಾಡಿ ಉಳಿಸಿದ ಹಣವು ಸಂಯಮವಲ್ಲ. ಅದು ಪರರ ಪಾಲಿನ ಹರಣ. ಗಟ್ಟಿಯಾದ ಒಂದು ಸೋಲಾಪುರಿ ಚಾದರಿಗೆ ನ್ಯಾಯವಾದ ಬೆಲೆ ಕೊಟ್ಟು ಹದಿನೈದು ವರ್ಷ ಹೊದೆಯುವುದು ಮಿತ ಜೀವನ. ಅಗ್ಗವೆಂದು ಪ್ರತಿ ಹಬ್ಬಕ್ಕೊಂದು ತಂದು, ಎರಡು ಒಗೆತಕ್ಕೆ ಬಣ್ಣಗೆಟ್ಟದ್ದನ್ನು ಎಸೆಯುವುದು ಅನರ್ಥದಂಡ. ಕೊಳ್ಳುವವನು ಕಡಿಮೆ ಕೊಂಡು ಸರಿಯಾದ ಬೆಲೆ ಕೊಡಬೇಕು. ಮಾರುವವನು ಬಾಳಿಕೆ ಬರುವುದನ್ನು ಮಾರಬೇಕು, ಬಾಳದ್ದನ್ನು ಬಾಳುವುದೆಂದು ಹೇಳಬಾರದು. ಇದರಿಂದ ವ್ಯಾಪಾರದ ಗಾತ್ರ ಕುಗ್ಗಬಹುದು ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ನಷ್ಟವಿಲ್ಲದ ವ್ರತವು ವ್ರತವೇ ಅಲ್ಲ.

ಕೊನೆಯದಾಗಿ ನಮ್ಮ ಉತ್ಸವಗಳ ವಿಷಯ. ಮಹಾರಾಷ್ಟ್ರ ಸರಕಾರವು 2018ರಲ್ಲಿ ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ತಾಟು ಮುಂತಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಸರಕಾರದ ದಂಡಕ್ಕೆ ಅಂಜಿ ಬಿಡುವುದಕ್ಕಿಂತ ಅನರ್ಥದಂಡಕ್ಕೆ ಅಂಜಿ ಬಿಡುವುದು ಶ್ರಾವಕನಿಗೆ ಭೂಷಣ. ಹಾಗೆಂದು ಪರ್ಯಾಯವು ಸುಲಭವಲ್ಲ. ಸ್ಟೀಲಿನ ತಾಟು ತೊಳೆಯಲು ನೀರು ಬೇಕು. ಎಲೆಯ ಪತ್ರಾವಳಿಗೆ ವನಸ್ಪತಿಯ ಹಿಂಸೆಯುಂಟು. ಸಂಪೂರ್ಣ ನಿರ್ದೋಷವಾದ ಮಾರ್ಗ ಗೃಹಸ್ಥನಿಗಿಲ್ಲ. ಕಡಿಮೆ ದೋಷದ ಮಾರ್ಗವನ್ನು ಪ್ರತಿಸಲ ತೂಗಿ ನೋಡುವುದೇ ವಿವೇಕ. ನೀರು ಸಾಕಷ್ಟಿರುವ ಕಾಲದಲ್ಲಿ ತಾಟು, ಕಡು ಬೇಸಿಗೆಯಲ್ಲಿ ಪತ್ರಾವಳಿ ಎಂದು ಪಂಗತಿನ ವ್ಯವಸ್ಥೆ ಮಾಡಬಹುದು. ಆದರೆ ತಾಟಿನಲ್ಲಿ ಅನ್ನ ಬಿಡದಿರುವುದಕ್ಕೆ ಯಾವ ಕಾಲದ ಅಡ್ಡಿಯೂ ಇಲ್ಲ.

ಭೋಗೋಪಭೋಗಗಳಿಗೆ ಕಾಲದ ಮಿತಿ ಹಾಕಿಕೊಳ್ಳುವ ಸುಲಭ ಕ್ರಮವನ್ನೂ ಸಮಂತಭದ್ರರು ತೋರಿಸಿದ್ದಾರೆ. ಆಹಾರ, ವಾಹನ, ಶಯನ, ಸ್ನಾನ, ವಸ್ತ್ರ, ಆಭರಣ ಮುಂತಾದವುಗಳಿಗೆ ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಹೀಗೆ ಶಕ್ತ್ಯಾನುಸಾರ ನಿಯಮ ಮಾಡಬಹುದು. ಜೀವಮಾನದ ಪ್ರತಿಜ್ಞೆಗೆ ಅಂಜುವವರು ಹದಿನೈದು ದಿನಗಳಿಂದ ಆರಂಭಿಸಲಿ. ಈ ಪಕ್ಷದಲ್ಲಿ ನಡೆದುಹೋಗುವಷ್ಟು ದೂರಕ್ಕೆ ವಾಹನ ತೆಗೆಯುವುದಿಲ್ಲ. ಒಂದು ಬಕೆಟ್ಟಿಗಿಂತ ಹೆಚ್ಚು ಸ್ನಾನಕ್ಕೆ ಬಳಸುವುದಿಲ್ಲ. ನೀರು ಶುದ್ಧೀಕರಿಸುವ ಆರ್‌ಓ ಯಂತ್ರವು ಹೊರಹಾಕುವ ನೀರನ್ನು ಮೋರಿಗೆ ಬಿಡದೆ ನೆಲ ಒರೆಸಲು ಬಳಸುತ್ತೇವೆ. ಈ ಋತುವಿನಲ್ಲಿ ಹೊಸ ಬಟ್ಟೆ ಕೊಳ್ಳುವುದಿಲ್ಲ. ಹೀಗೆ ಒಂದೊಂದು ಮನೆಯು ಒಂದೊಂದನ್ನು ಹಿಡಿಯಲಿ. ಅದರಿಂದ ಉಳಿದ ಹಣವನ್ನು ಬೇರೆಯಾಗಿ ಒಂದು ಡಬ್ಬಿಯಲ್ಲಿಟ್ಟು, ಅವಧಿ ಮುಗಿದಾಗ ಒಬ್ಬ ವಿದ್ಯಾರ್ಥಿಯ ಪುಸ್ತಕಕ್ಕೋ, ರೋಗಿಯ ಔಷಧಕ್ಕೋ, ಬೇಸಿಗೆಯ ಅರವಟ್ಟಿಗೆಗೋ ಕೊಡಲಿ. ಮಕ್ಕಳ ಕೈಯಿಂದಲೇ ಕೊಡಿಸಲಿ.

ಮನೆಯ ದೀಪ ಆರಿಸುವಾಗ, ನಳ ಬಿಗಿಮಾಡುವಾಗ ಒಂದೇ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಕೇಳಿಕೊಳ್ಳೋಣ: ನಾನು ಉಳಿಸಿದ ಈ ಪಾಲು ಯಾರನ್ನು ಮುಟ್ಟೀತು? ಉತ್ತರವು 'ಮತ್ತೆ ನನ್ನನ್ನೇ' ಎಂದಾದರೆ ಅದು ಜಿಪುಣತನ. ಕೊಳವೆಯ ಆ ತುದಿಯ ಮನೆಯವರನ್ನು, ನದಿಯ ಕೆಳಗಿನ ಊರಿನವರನ್ನು, ಮಾತು ಬಾರದ ಜೀವಿಗಳನ್ನು ಎಂದಾದರೆ ಅದು ಮಿತ ಜೀವನ, ಅದೇ ಅಪರಿಗ್ರಹದ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಏರುವ ಶಕ್ತಿಯು ನಮ್ಮೆಲ್ಲರಿಗೂ ಲಭಿಸಲಿ.

ಜಯ ಜಿನೇಂದ್ರ.