ಬೆಲೆಯೋ, ದಂಡವೋ?

ಸಹಿ ಹಾಕಿದ ಮೇಲೆ ಮಾತಿಲ್ಲ ಎನ್ನುವುದು ನನ್ನ ತಲೆಮಾರಿನವರ ನೀತಿ. ಓದಿ ಹಾಕಿದೆಯೋ ಓದದೆ ಹಾಕಿದೆಯೋ, ಅದು ನಿನ್ನ ಹಣೆಬರಹ. ಈ ನೀತಿಯನ್ನು ನಾನು ಬಹುಕಾಲ ಪ್ರಶ್ನಿಸದೆ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಒಬ್ಬ ಹುಡುಗನಿಗೆ ಉಪದೇಶವಾಗಿಯೂ ಕೊಟ್ಟಿದ್ದೆ. ಉಪದೇಶ ಕೊಡುವವನಿಗೆ ಖರ್ಚಿಲ್ಲ. ತೆಗೆದುಕೊಂಡವನಿಗೆ ಅದು 140 ಪೌಂಡು ನಷ್ಟ ಮಾಡಿತು.

ಹುಡುಗ ನನ್ನ ಸ್ನೇಹಿತರ ಮಗ. ಮೈಸೂರಿನಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆನಿಂತ ಮನೆತನ; ಅವನು ಅಲ್ಲಿಯೇ ಹುಟ್ಟಿ ಬೆಳೆದವನು. ಅಲ್ಲಿನ ಬ್ಯಾಂಕುಗಳು ವಿಶ್ವವಿದ್ಯಾನಿಲಯಕ್ಕೆ ಸೇರುವ ಹುಡುಗರನ್ನು ಹಬ್ಬಕ್ಕೆ ಹೊಸ ಅಳಿಯನನ್ನು ಕರೆದಂತೆ ಕರೆಯುತ್ತವೆ. ಖಾತೆ ಬರಿದಾದರೂ ಒಂದು ಮಿತಿಯವರೆಗೆ ಬಡ್ಡಿಯಿಲ್ಲದೆ ಹಣ ತೆಗೆಯಬಹುದು. ಇದೇ ಓವರ್‌ಡ್ರಾಫ್ಟ್. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ 1728ರಲ್ಲಿ ವಿಲಿಯಂ ಹಾಗ್ ಎಂಬ ಎಡಿನ್‌ಬರೋ ವ್ಯಾಪಾರಿಗೆ ಖಾತೆಯಲ್ಲಿ ಇದ್ದುದಕ್ಕಿಂತ ಸಾವಿರ ಪೌಂಡಿನವರೆಗೆ ಹೆಚ್ಚು ತೆಗೆಯಲು ಒಪ್ಪಿಗೆ ಕೊಟ್ಟದ್ದು ಇದರ ಮೊದಲು ಎನ್ನುತ್ತಾರೆ. ಪದವಿ ಮುಗಿದ ಮೇಲೆ ಅಳಿಯನ ಹೊಸತನ ಕಳೆಯುತ್ತದೆ. ವಿದ್ಯಾರ್ಥಿಯ ಖಾತೆ ಪದವೀಧರನ ಖಾತೆಯಾಗುತ್ತದೆ. ಬಡ್ಡಿಯಿಲ್ಲದ ಮಿತಿ ವರ್ಷ ವರ್ಷಕ್ಕೂ ಇಳಿಯುತ್ತದೆ.

ನಮ್ಮ ಹುಡುಗ 2005ರಲ್ಲಿ ಪದವಿ ಪಡೆದ. ಮರುವರ್ಷ ಅವನ ಮಿತಿ 1,500 ಪೌಂಡಿನಿಂದ ಸಾವಿರಕ್ಕೆ ಇಳಿಯಿತು. ಅದನ್ನು ತಿಳಿಸುವ ಕಾಗದ ಅವನು ಬಿಟ್ಟುಹೋಗಿದ್ದ ಹಳೆಯ ವಿಳಾಸಕ್ಕೆ ಹೋಯಿತು. (ವಿಳಾಸ ಬದಲಾದದ್ದನ್ನು ತಿಳಿಸದೆ ಇದ್ದದ್ದು ಅವನ ತಪ್ಪು, ಅವನೇ ಒಪ್ಪುತ್ತಾನೆ.) ಆಗ ಅವನು ಬ್ಯಾಂಕಿಗೆ ಕೊಡಬೇಕಾಗಿದ್ದದ್ದು 996 ಪೌಂಡು. ಇನ್ನೂ ಐನೂರು ಕೈಯಲ್ಲಿದೆ ಎಂದು ಅವನೆಣಿಸಿದ್ದ, ಇದ್ದದ್ದು ನಾಲ್ಕು. ಟೆಲಿಫೋನಿನ ಇಪ್ಪತ್ತು, ಗ್ಯಾಸಿನ ಮೂವತ್ತು, ಇನ್ನೊಂದು ಹತ್ತು, ಹೀಗೆ ಮೂರು ಪಾವತಿಗಳು ಒಂದೇ ವಾರದಲ್ಲಿ ಹೋದವು. ಮಿತಿ ಮೀರಿದ್ದು 56 ಪೌಂಡು. ಪಾವತಿಗೆ 35ರಂತೆ ಶುಲ್ಕ 105. ಮುಂದಿನ ತಿಂಗಳು ಆ ಶುಲ್ಕವನ್ನು ಖಾತೆಯಿಂದಲೇ ಕಳೆದಾಗ ಮತ್ತೆ ಮಿತಿ ದಾಟಿತು. ಅದಕ್ಕೆ ಇನ್ನೂ 35. ಬಿದ್ದವನಿಗೆ ಬಿದ್ದದ್ದಕ್ಕೆ ಒಂದು ಪೆಟ್ಟು, ಪೆಟ್ಟು ತಿಂದು ಬಿದ್ದದ್ದಕ್ಕೆ ಇನ್ನೊಂದು.

ಆ ಕಾಲದಲ್ಲಿ ಇಂಗ್ಲೆಂಡಿನ ಜನ ಇಂಥ ಶುಲ್ಕಗಳನ್ನು ಹಿಂದಕ್ಕೆ ಕೇಳತೊಡಗಿದ್ದರು. ಮಿತಿ ದಾಟಿದ್ದರಿಂದ ಬ್ಯಾಂಕಿಗೆ ನಿಜವಾಗಿ ಆದ ಖರ್ಚೆಷ್ಟು, ನೀವು ತೆಗೆದುಕೊಂಡದ್ದೆಷ್ಟು ಎಂಬುದು ಅವರ ವಾದ. ನ್ಯಾಯಾಲಯದ ಮೆಟ್ಟಿಲು ಕಂಡೊಡನೆ ಬ್ಯಾಂಕುಗಳು ಅನೇಕರಿಗೆ ಹಣ ಮರಳಿಸುತ್ತಿದ್ದವು. ತಪ್ಪೊಪ್ಪಿಕೊಂಡಲ್ಲ, ಸದ್ಭಾವನೆಯಿಂದ ಎಂದು ಹೇಳಿ. ಹುಡುಗನ ಕೊಠಡಿಯ ಗೆಳೆಯ, ಅದೇ ಬ್ಯಾಂಕಿನವನು, 2007ರ ಆರಂಭದಲ್ಲಿ ಎರಡು ಕಾಗದ ಬರೆದು ತನ್ನದೆಲ್ಲವನ್ನೂ ಹಿಂದಕ್ಕೆ ಪಡೆದ.

ನಾನು ಆಗ ಅವರ ಮನೆಯಲ್ಲಿ ಅತಿಥಿ. ಊಟಕ್ಕೆ ಕೂತಾಗ ಹುಡುಗ ವಿಷಯ ಎತ್ತಿದ. ಅವನ ತಂದೆಗೆ ಅದು ಹಿಡಿಸಲಿಲ್ಲ. “ಸಹಿ ನಿಂದೇ ತಾನೆ? ದುಡ್ಡು ನಾನು ಕೊಡ್ತೀನಿ, ಜಗಳ ಮಾತ್ರ ಬೇಡ” ಎಂದರು. ಪರದೇಶದಲ್ಲಿ ಋಣವಿಲ್ಲದೆ ಬಾಳಿದ್ದೇವೆಂಬ ಹೆಮ್ಮೆ ಅವರದು. ನಾನೂ ಹೌದೆಂದೆ. ಕೊಟ್ಟ ಮಾತಿನ ಬೆಲೆಯ ಮೇಲೆ ಒಂದಿಷ್ಟು ಮಾತಾಡಿದೆನೆಂದು ನೆನಪು.

ಹುಡುಗ ತಂದೆಯ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಮನಸ್ಸು ಬದಲಾಯಿಸಿ ಬರೆದದ್ದು ಆಗಸ್ಟಿನಲ್ಲಿ. ಅಷ್ಟರಲ್ಲಿ, ಜುಲೈಯಲ್ಲಿ, ಅಲ್ಲಿನ ನ್ಯಾಯ ವ್ಯಾಪಾರ ಕಚೇರಿ ಏಳು ಬ್ಯಾಂಕುಗಳ ಮತ್ತು ಒಂದು ಬಿಲ್ಡಿಂಗ್ ಸೊಸೈಟಿಯ ಮೇಲೆ ಪರೀಕ್ಷಾ ಮೊಕದ್ದಮೆ ಹೂಡಿತ್ತು. ತೀರ್ಪಾಗುವವರೆಗೆ ದೂರುಗಳನ್ನು ಬದಿಗಿಡಲು ಬ್ಯಾಂಕುಗಳಿಗೆ ಅನುಮತಿ ಸಿಕ್ಕಿತ್ತು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಕಚೇರಿಯೇ ಗೆದ್ದಿತು. 2009ರ ನವೆಂಬರ್ 25ರಂದು, ಹೊಸದಾಗಿ ಸ್ಥಾಪಿತವಾಗಿದ್ದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಈ ಶುಲ್ಕಗಳು ಬ್ಯಾಂಕು ಒದಗಿಸುವ ಒಟ್ಟು ಸೇವೆಯ ಬೆಲೆಯ ಒಂದು ಭಾಗ; ಸೇವೆಗೆ ಬೆಲೆ ತಕ್ಕುದೇ ಎಂದು ಅಳೆಯಲು 1999ರ ನಿಯಮಗಳು ಎಡೆಗೊಡುವುದಿಲ್ಲ, ಎಂದಿತು. ಶುಲ್ಕ ನ್ಯಾಯವಾದದ್ದೆಂದು ಕೋರ್ಟು ಹೇಳಲಿಲ್ಲ. ಆ ಪ್ರಶ್ನೆಯನ್ನು ಆ ಹಾದಿಯಲ್ಲಿ ಕೇಳುವಂತಿಲ್ಲ ಎಂದಿತು, ಅಷ್ಟೆ. ಹುಡುಗನಿಗೆ ಎರಡು ಸಾಲಿನ ಕಾಗದ ಬಂತು.

ಕಾನೂನಿನ ಮಾತು ಹಾಗಿರಲಿ. ಬೆಲೆಗೂ ದಂಡಕ್ಕೂ ಸಾಮಾನ್ಯ ಮನುಷ್ಯ ಮಾಡುವ ಭೇದ ಬೇರೆ. ಬೆಲೆಯನ್ನು ಕೊಳ್ಳುವ ಮೊದಲೇ ಕೇಳುತ್ತೇವೆ, ಹೆಚ್ಚೆನಿಸಿದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ದಂಡ ಬಂದ ಮೇಲೆಯೇ ತಿಳಿಯುವಂಥದು. 56 ಪೌಂಡಿನ ಕೆಲವು ದಿನದ ಸಾಲವನ್ನು 140 ಪೌಂಡು ಕೊಟ್ಟು ಯಾವ ಬುದ್ಧಿವಂತನೂ ಕೊಳ್ಳುವುದಿಲ್ಲ; ಆದ್ದರಿಂದ ಆ ಹುಡುಗ ಕೊಂಡನೆನ್ನುವುದು ಮಾತಿನ ಚಮತ್ಕಾರವಾಗಿ ನನಗೆ ತೋರುತ್ತದೆ. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂದು ನಮ್ಮ ಧರ್ಮಶಾಸ್ತ್ರಗಳು ಕಟ್ಟು ಹಾಕಿದ್ದವು. ಬೊಂಬಾಯಿ ಕಡೆಯ ನ್ಯಾಯಾಲಯಗಳು ಅದನ್ನೇ ದಾಮ್‌ದುಪಟ್ ಎಂದು ಕರೆದು ನಡೆಸಿದವು. ಕೊಟ್ಟ ಮಾತಿನ ಬಗ್ಗೆ ಆ ಶಾಸ್ತ್ರಕಾರರಿಗೆ ನನಗಿಂತ ಕಡಮೆ ಗೌರವವಿರಲಿಲ್ಲ. ಆದರೂ ಸಾಲಗಾರನ ಮಾತಿಗೆ ಒಂದು ಮೇರೆಯಿರಬೇಕೆಂದು ಅವರಿಗೆ ತೋರಿತ್ತು. ಊಟದ ಮನೆಯಲ್ಲಿ ನನಗೆ ಇದು ನೆನಪಾಗಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಒಂದೇ ಬ್ಯಾಂಕು, ಒಂದೇ ಶುಲ್ಕ. ಕೇಳಿದವನಿಗೆ ಹಣ ಬಂತು, ಸುಮ್ಮನಿದ್ದವನಿಗೆ ಬರಲಿಲ್ಲ. ಗಟ್ಟಿ ಧ್ವನಿಯವನಿಗೆ ಮಾತ್ರ ಸದ್ಭಾವನೆ ತೋರಿಸುವವನು ಒಪ್ಪಂದದ ಪಾವಿತ್ರ್ಯವನ್ನು ತಾನೇ ನಂಬುವುದಿಲ್ಲ. ಹಾಗಿರುವಾಗ ಅದನ್ನು ನಂಬುವ ಭಾರ ಇಪ್ಪತ್ಮೂರು ವರ್ಷದ ಹುಡುಗನೊಬ್ಬನ ಮೇಲೆ ಏಕೆ ಬೀಳಬೇಕು? ಕೇಳುವುದು ಮಾತಿಗೆ ತಪ್ಪಿದಂತೆ ಎಂದು ಆಗ ತಿಳಿದಿದ್ದೆ. ಅವನು ಸಾಲ ಕೊಡುವುದಿಲ್ಲವೆಂದು ಎಂದೂ ಹೇಳಿರಲಿಲ್ಲ; ಲೆಕ್ಕ ತೋರಿಸಿ ಎಂದಷ್ಟೇ ಹೇಳಲು ಹೊರಟಿದ್ದ.

ಈಗ ಅಲ್ಲಿ ಬೇರೆ ಕಟ್ಟಳೆ. 2016ರಲ್ಲಿ ಒಪ್ಪಿಗೆಯಿಲ್ಲದ ಓವರ್‌ಡ್ರಾಫ್ಟಿನ ಶುಲ್ಕದಲ್ಲಿ ಅರ್ಧಕ್ಕೂ ಹೆಚ್ಚು ನೂರಕ್ಕೆ ಒಂದೂವರೆ ಜನರಿಂದ ಬಂದದ್ದೆಂದು ಹಣಕಾಸು ನಿಯಂತ್ರಣ ಪ್ರಾಧಿಕಾರವೇ ಲೆಕ್ಕ ಹಾಕಿತು. 2020ರ ಏಪ್ರಿಲಿನಿಂದ ಇಡಿಗಂಟಿನ ಶುಲ್ಕಗಳು ನಿಂತು, ವಾರ್ಷಿಕ ಬಡ್ಡಿಯೊಂದೇ ಉಳಿಯಿತು. ಬಹುತೇಕ ಬ್ಯಾಂಕುಗಳು ಆ ಬಡ್ಡಿಯನ್ನು ನೂರಕ್ಕೆ 40ರ ಆಸುಪಾಸಿಗೆ ತಂದು ನಿಲ್ಲಿಸಿದವು! ತಕರಾರಿದ್ದವರು ಮೊದಲು ಬ್ಯಾಂಕಿಗೆ ಬರೆಯಬೇಕು. ಎಂಟು ವಾರದಲ್ಲಿ ಸಮಾಧಾನ ಸಿಗದಿದ್ದರೆ ಓಂಬುಡ್ಸ್‌ಮನ್ ಬಳಿಗೆ ಖರ್ಚಿಲ್ಲದೆ ಹೋಗಬಹುದು.

ಹೋದ ವರ್ಷ ಆ ಹುಡುಗ, ಈಗ ತಲೆ ನರೆಯುತ್ತಿರುವ ಗೃಹಸ್ಥ, ಮೈಸೂರಿಗೆ ಬಂದಿದ್ದ. ಹಳೆಯ ಉಪದೇಶಕ್ಕೆ ನಾನು ಕ್ಷಮೆ ಕೇಳಿದೆ. ಅವನು ನಕ್ಕ.

“ಅದು ಹೋಗ್ಲಿ ಮಾಮ. ಈಗ ನನ್ನ ಖಾತೇಲಿ ಯಾವಾಗ್ಲೂ ದುಡ್ಡಿರುತ್ತೆ. ಬ್ಯಾಂಕು ನನ್ನ ಹತ್ರ ಒಂದು ಕಾಸೂ ತಗೊಳ್ಳೋದಿಲ್ಲ. ಚೆಕ್ಕು, ಕಾರ್ಡು ಎಲ್ಲಾ ಪುಕ್ಕಟೆ. ಅದರ ಖರ್ಚಲ್ಲಿ ಒಂದು ಪಾಲು ಯಾರು ಕೊಡ್ತಿದಾರೆ ಅಂತ ನನಗೆ ಗೊತ್ತು. ಆದರೂ ಖಾತೆ ಮುಚ್ಚಿಲ್ಲ.”