ಹಾಲಿನ ಮರ್ಯಾದೆಯೂ ಕರುವಿನ ಪಾಲೂ

ಶ್ರಾವಕನ ಆಹಾರದಲ್ಲಿ ಹಾಲಿಗಿರುವ ಸ್ಥಾನ ವಿಲಕ್ಷಣವಾದುದು. ಮದ್ಯ, ಮಾಂಸ, ಮಧುಗಳನ್ನು ಮೂಲಗುಣಗಳ ಹೊಸ್ತಿಲಲ್ಲಿಯೇ ತ್ಯಜಿಸಿದ ಗೃಹಸ್ಥನು, ಸೋಸದ ನೀರನ್ನು ಸಹ ಮುಟ್ಟದವನು, ಪಂಚೇಂದ್ರಿಯ ಜೀವವೊಂದರ ಶರೀರದಿಂದಲೇ ಬಂದ ಹಾಲನ್ನು ಮಾತ್ರ ನಿಃಶಂಕೆಯಿಂದ ಸ್ವೀಕರಿಸುತ್ತಾನೆ. ಜಿನಾಭಿಷೇಕಕ್ಕೂ ಹಾಲು, ಮುನಿಗಳ ಆಹಾರದಾನಕ್ಕೂ ಹಾಲು, ಉಪವಾಸದ ಮರುದಿನದ ಪಾರಣೆಗೂ ಹಾಲು. ಈ ಅನುಮತಿಯ ಆಧಾರವೇನು? ಜೇನುಹುಳ ತನಗೆಂದು ಕೂಡಿಟ್ಟುದನ್ನು ಮನುಷ್ಯನು ಕಸಿದುಕೊಳ್ಳುತ್ತಾನೆ, ಆ ಕಸಿಯುವಿಕೆಯಲ್ಲಿ ಹುಳಗಳು ಸಾಯುತ್ತವೆ. ಹಸುವಿನ ವಿಷಯದಲ್ಲಾದರೋ, ಕರು ಕುಡಿದು ಮಿಕ್ಕುದನ್ನು ಪಡೆಯುತ್ತೇವೆ ಎಂಬ ಭಾವನೆ ಹಿಂದಿನಿಂದ ಬಂದಿದೆ. ಆ ಭಾವನೆಯ ಬಲವೆಲ್ಲ 'ಮಿಕ್ಕುದು' ಎಂಬ ಒಂದು ಮಾತಿನಲ್ಲಿದೆ. ಮಿಗದೆ ಇದ್ದುದನ್ನು ಕರೆದುಕೊಂಡರೆ ಅನುಮತಿ ಎಲ್ಲಿ ಉಳಿಯಿತು?

ಹುಬ್ಬಳ್ಳಿ ಧಾರವಾಡಗಳಂತಹ ಊರಿನಲ್ಲಿ ನೆಲೆಸಿದ ಒಂದು ಶ್ರಾವಕ ಸಂಸಾರವನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಅಷ್ಟಮಿ ಚತುರ್ದಶಿಗಳ ನಿಯಮವುಳ್ಳ ಅಜ್ಜ ಅಜ್ಜಿ, ಉದ್ಯೋಗಕ್ಕೆ ಹೋಗುವ ಮಗ ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಾಲು ಅವರ ಮನೆಗೆ ಮೂರು ದಾರಿಯಿಂದ ಬರಬಹುದು: ಬೀದಿಯ ತಿರುವಿನ ಅಂಗಡಿಯಿಂದ ಪೊಟ್ಟಣದ ಹಾಲು, ಸಮೀಪದ ಗೌಳಿಯ ಕೊಟ್ಟಿಗೆಯಿಂದ ಎಮ್ಮೆಯ ಹಾಲು, ಪೇಟೆಯಿಂದ ಸೋಯಾ ಮೊದಲಾದ ಕಾಳಿನ ಹಾಲು. ಸೊಸೆಗೆ ಪೊಟ್ಟಣ ಅನುಕೂಲ. ಅಜ್ಜಿಗೆ ಗೌಳಿಯ ಹಾಲಲ್ಲದೆ ಬೇರೆ ಸಲ್ಲದು. ಮಗನು ಎಲ್ಲಿಯೋ ಓದಿ ಬಂದು, ಹಾಲನ್ನೇ ಬಿಡೋಣ ಎನ್ನುತ್ತಾನೆ. ಮೂವರೂ ಅಹಿಂಸೆಯ ಹೆಸರನ್ನೇ ಹೇಳುವುದರಿಂದ ಈ ಮನೆಯ ಚರ್ಚೆ ಬೇಗ ಮುಗಿಯುವಂಥದಲ್ಲ.

ಅಜ್ಜಿಯ ಪಕ್ಷಕ್ಕೆ ಆಚಾರದ ಬೆಂಬಲವಿದೆ. ಕರೆದ ಹಾಲನ್ನು ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷಗಳೊಳಗೆ, ಸೋಸಿ ಕಾಯಿಸಬೇಕು. ಮೀರಿದರೆ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆ. ಈ ಕಾಲಮಿತಿಗೆ ಮರ್ಯಾದೆ ಎಂದು ಹೆಸರು. ಪೊಟ್ಟಣದ ಹಾಲು ಈ ಮರ್ಯಾದೆಯನ್ನು ಕಾಯಲಾರದು. ಹಳ್ಳಿಯ ಸಂಘದಲ್ಲಿ ಮುಂಜಾನೆ ಅಳೆದು ಕೊಟ್ಟ ಹಾಲು ಶೀತಲೀಕರಣ ಕೇಂದ್ರವನ್ನು ಸೇರಿ, ಸುಮಾರು 4 ಡಿಗ್ರಿಗೆ ತಂಪಾಗಿ, ಟ್ಯಾಂಕರಿನಲ್ಲಿ ಪಯಣಿಸಿ, ಎಷ್ಟೋ ಗಂಟೆಗಳ ನಂತರ ಡೈರಿಯಲ್ಲಿ 72 ಡಿಗ್ರಿಯ ಶಾಖವನ್ನು 15 ಸೆಕೆಂಡು ಕಾಣುತ್ತದೆ. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಇದು ಉತ್ತಮ ವ್ಯವಸ್ಥೆಯೇ. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾದ ಡೈರಿಯಿಂದ ಮೊದಲುಗೊಂಡು ಸಹಕಾರಿ ಹಾಲು ಕರ್ನಾಟಕದ ಬಡ ಹೈನುಗಾರರಿಗೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ವ್ರತಿಯ ಗಡಿಯಾರಕ್ಕೆ ಅದು ಹೊಂದುವುದಿಲ್ಲ.

ಈ 48 ನಿಮಿಷಗಳನ್ನು ಸಾಮಾನ್ಯವಾಗಿ ಕಾಲದ ಅಳತೆಯೆಂದೇ ತಿಳಿಯಲಾಗುತ್ತದೆ. ಸ್ವಲ್ಪ ಆಲೋಚಿಸಿದರೆ ಅದು ದೂರದ ಅಳತೆಯೂ ಹೌದೆಂದು ಕಂಡುಬರುತ್ತದೆ. ಅಷ್ಟು ಹೊತ್ತಿನೊಳಗೆ ಹಾಲು ಒಲೆಯ ಮೇಲಿರಬೇಕಾದರೆ ಕೊಟ್ಟಿಗೆ ಮನೆಯ ಬಳಿಯಲ್ಲಿಯೇ ಇರಬೇಕು. ಕೊಟ್ಟಿಗೆ ಬಳಿಯಲ್ಲಿದ್ದರೆ ಕರು ಕಣ್ಣಿಗೆ ಬೀಳುತ್ತದೆ. ಅದರ ಪಕ್ಕೆಲುಬುಗಳನ್ನು ಎಣಿಸಬಹುದಾದರೆ ಎಣಿಸಿದವನಿಗೆ ಹಾಲು ಗಂಟಲಿನಲ್ಲಿ ಇಳಿಯುವುದಿಲ್ಲ. ಪ್ರಸವದ ನಂತರ ಎಮ್ಮೆಯ ಹಾಲನ್ನು 15 ದಿನ, ಹಸುವಿನ ಹಾಲನ್ನು 10 ದಿನ, ಮೇಕೆಯ ಹಾಲನ್ನು 8 ದಿನ ಕೊಳ್ಳಬಾರದೆಂಬ ನಿಯಮವೂ ಹೀಗೆಯೇ. ಅದನ್ನು ಸೂತಕದ ವಿಧಿಯೆಂದು ಹೇಳುವುದುಂಟು. ಹೇಳುವ ಕಾರಣ ಏನೇ ಇರಲಿ, ಆ ದಿನಗಳ ಹಾಲು ಕರುವಿನ ಹೊಟ್ಟೆಗೆ ಹೋಗಲು ಅದರಿಂದ ದಾರಿಯಾಯಿತು. ನೆರೆಮನೆಯವರು ಗಿಣ್ಣವನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಚಪ್ಪರಿಸುವಾಗ ಜೈನರ ಮನೆಯ ಮಕ್ಕಳು ಮುಖ ಸಣ್ಣದು ಮಾಡಿಕೊಳ್ಳುವುದು ಬೇರೆ ಮಾತು.

ಹೀಗಿರಲು, ಗೌಳಿಯ ಹಾಲನ್ನು ತರಿಸುವ ಅಜ್ಜಿ ಮರ್ಯಾದೆಯ ಅರ್ಧವನ್ನು ಮಾತ್ರ ಪಾಲಿಸಿದಂತಾಗುತ್ತದೆ. ಪಾತ್ರೆ ಎಷ್ಟು ಹೊತ್ತಿಗೆ ಬಂದಿತೆಂದು ಆಕೆ ವಿಚಾರಿಸುತ್ತಾಳೆ. ಕರು ಎಷ್ಟು ಕುಡಿಯಿತೆಂದು ವಿಚಾರಿಸುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೇರುವುದು, ಉಣ್ಣಲು ಕುಡಿಯಲು ಕೊಡದಿರುವುದು. ಈ ಐದನ್ನೂ ಒಂದೇ ಚಾವಣಿಯ ಕೆಳಗೆ ಕಾಣಬೇಕಾದರೆ ದನದ ಕೊಟ್ಟಿಗೆಗಿಂತ ಬೇರೆ ಸ್ಥಳವನ್ನು ಹುಡುಕಬೇಕಾಗಿಲ್ಲ. ಎಳೆಗರುವಿಗೆ ದಿನಕ್ಕೆ ತನ್ನ ತೂಕದ ಹತ್ತನೆಯ ಒಂದು ಪಾಲು ಹಾಲು ಬೇಕೆಂದು ಪಶುವೈದ್ಯರು ಹೇಳುತ್ತಾರೆ. 30 ಕಿಲೋ ತೂಗುವ ಎಮ್ಮೆಗರುವಿಗೆ 3 ಲೀಟರ್ ಆಯಿತು. ಎಮ್ಮೆ ಸೊರೆ ಬಿಡುವವರೆಗೆ ಕರುವನ್ನು ಕೆಚ್ಚಲಿಗೆ ಹಚ್ಚಿ ಮರುಕ್ಷಣವೇ ಎಳೆದು ಗೂಟಕ್ಕೆ ಕಟ್ಟಿದರೆ ಅದಕ್ಕೆ ಸಿಕ್ಕುವುದೆಷ್ಟು? ಅನ್ನಪಾನನಿರೋಧವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಡ. ಹಾಲಿನಲ್ಲಿ ಹುಟ್ಟಬಹುದಾದ ಸೂಕ್ಷ್ಮಜೀವಗಳಿಗೆ ಅಂಜಿ, ಐದು ಇಂದ್ರಿಯಗಳಿಂದ ಹಸಿವನ್ನು ಅನುಭವಿಸುವ ಜೀವವನ್ನು ಮರೆಯುವುದು ವ್ರತದ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ಗಂಡುಗರುವಿನ ಗತಿ ಇನ್ನೂ ಕಷ್ಟದ್ದು. ಜವಾರಿ ಹಸುವಿನ ಹೋರಿಗರು ಒಂದು ಕಾಲಕ್ಕೆ ನೊಗಕ್ಕೆ ಬೇಕಾಗುತ್ತಿತ್ತು. ಟ್ರ್ಯಾಕ್ಟರ್ ಬಂದಮೇಲೆ, ಸೀಮೆಹಸುಗಳು ಬಂದಮೇಲೆ, ಅದು ಸಾಕುವವನಿಗೆ ಭಾರ. ಕೋಣಗರುವನ್ನು ಕೇಳುವವರು ಮೊದಲಿನಿಂದಲೂ ಕಡಮೆ. ಕರ್ನಾಟಕದಲ್ಲಿ 1964ರ ಕಾಯಿದೆಯ ಸ್ಥಾನದಲ್ಲಿ ಬಂದ 2020ರ ಕಾಯಿದೆ ಹಸು, ಹೋರಿ, ಕರುಗಳ ವಧೆಯನ್ನೂ 13 ವರ್ಷಕ್ಕೆ ಕಡಮೆ ವಯಸ್ಸಿನ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿತು. ಅದು ಸ್ವಾಗತಾರ್ಹವೇ. ಆದರೆ ಕಾಯಿದೆಯಿಂದ ಕತ್ತಿಯನ್ನು ತಡೆಯಬಹುದಲ್ಲದೆ ಹಸಿವನ್ನು ತಡೆಯಲಾಗದು. ಕರು ತಾನಾಗಿ ಸೊರಗಿ ಸತ್ತರೆ ಯಾವ ಠಾಣೆಯಲ್ಲಿಯೂ ದೂರು ದಾಖಲಾಗದು. ಇದಕ್ಕೆ ಗೌಳಿಯೊಬ್ಬನನ್ನೇ ದೂಷಿಸಿ ಫಲವಿಲ್ಲ. ಲೀಟರಿಗೆ ಎರಡು ರೂಪಾಯಿ ಇಳಿಸೆಂದು ಅವನ ಬಾಗಿಲಲ್ಲಿ ಚೌಕಾಶಿ ಮಾಡುವವರು ಶ್ರಾವಕರೇ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕೊಳ್ಳುವವನು ತನ್ನನ್ನು ಯಾವುದರಿಂದಲೂ ಸಂಪೂರ್ಣವಾಗಿ ಬಿಡಿಸಿಕೊಳ್ಳಲಾರನು. ಪೊಟ್ಟಣದ ಹಾಲಿನಲ್ಲಿ ಈ ಭಾರ ಇಲ್ಲವೆಂದು ತೋರುವುದು, ಸಾವಿರಾರು ಕೆಚ್ಚಲುಗಳ ಹಾಲು ಬೆರೆತು ಯಾವ ಕರುವಿನ ಮುಖವೂ ಕಾಣದಿರುವುದರಿಂದ ಮಾತ್ರ.

ಹಾಗಾದರೆ ಮಗನು ಹೇಳಿದಂತೆ ಹಾಲನ್ನೇ ತ್ಯಜಿಸುವುದು ಲೇಸಲ್ಲವೇ? ತನಗಾಗಿ ತ್ಯಜಿಸುವ ಪ್ರೌಢನಿಗೆ ಅದು ಲೇಸೇ. ರಸಪರಿತ್ಯಾಗವು ಬಾಹ್ಯತಪಸ್ಸುಗಳಲ್ಲಿ ಒಂದು, ಹಾಲು ಆರು ರಸಗಳಲ್ಲಿ ಒಂದು. ಆದರೆ ತಂದೆಯ ತ್ಯಾಗವನ್ನು ಆರು ವರ್ಷದ ಮಗುವಿನ ಮೇಲೆ ಹೇರುವ ಮೊದಲು ಯೋಚಿಸಬೇಕು. ಸುಣ್ಣದ ಅಂಶ ರಾಗಿಯಲ್ಲಿಯೂ ಎಳ್ಳಿನಲ್ಲಿಯೂ ಹೇರಳವಾಗಿದೆ. ಸೋಯಾ ಹಾಲಿನಲ್ಲಿ ಸಸಾರಜನಕ ಹಸುವಿನ ಹಾಲಿಗೆ ಸರಿಸಮವಾಗಿ ಉಂಟು. ತೆಂಗಿನ ಹಾಲಿನಲ್ಲಿ ಅದು ತೀರ ಕಡಮೆ. ಬಿ-12 ಜೀವಸತ್ವವಾದರೋ ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯುವುದಿಲ್ಲ; ಶ್ರಾವಕರ ಮನೆಗಳಲ್ಲಿ ಅದು ಬರುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಅದನ್ನು ಬೇರೆಯಾಗಿ ಸೇರಿಸಿದ ಕಾಳಿನ ಹಾಲನ್ನೋ ವೈದ್ಯರು ಹೇಳಿದ ಗುಳಿಗೆಯನ್ನೋ ತಪ್ಪದೆ ಕೊಡುವುದಾದರೆ ಮಗನ ದಾರಿಯನ್ನು ಹಿಡಿಯಬಹುದು. ಉತ್ಸಾಹದಿಂದ ಹಾಲು ಬಿಡಿಸಿ ಆ ಮೇಲೆ ಅದನ್ನು ಮರೆಯುವುದು ಮಗುವಿಗೆ ಮಾಡುವ ಅನ್ನಪಾನನಿರೋಧವೇ. ಸೋಯಾ ದ್ವಿದಳ ಧಾನ್ಯವೆಂಬುದನ್ನೂ, ಕಾಯಿಸದ ಹಾಲಿನ ಮೊಸರು ಮಜ್ಜಿಗೆಗಳೊಡನೆ ಅದು ಬೆರೆಯಬಾರದೆಂಬುದನ್ನೂ ಅಜ್ಜಿ ನೆನಪು ಮಾಡದೆ ಬಿಡುವವಳಲ್ಲ.

ಹಾಲನ್ನು ಪೂರ್ಣ ಬಿಡಲಾಗದ ಮನೆಗೆ ಒಂದು ದಾರಿಯಿದೆ. ಅದು ವ್ರತದ ದಿನದಿಂದಲೇ ತೊಡಗುತ್ತದೆ. ಅಷ್ಟಮಿ ಚತುರ್ದಶಿಗಳೆಂದು ತಿಂಗಳಿಗೆ ನಾಲ್ಕು ದಿನ ಅಜ್ಜ ಅಜ್ಜಿ ಹಾಲನ್ನು ಬಿಡುತ್ತಾರೆ. ಆ ದಿನ ಗೌಳಿಗೆ 'ಇಂದು ಒಂದು ಲೀಟರ್ ಬೇಡ' ಎಂದು ಹೇಳಿ ಕಳುಹಿಸುತ್ತಾರೆ. ಅವನು ಆ ಲೀಟರನ್ನು ಚಹದಂಗಡಿಗೆ ಹಾಕುತ್ತಾನೆ. ತ್ಯಾಗ ಮಾಡಿದವರಿಗೆ ಇಂದ್ರಿಯಜಯದ ಫಲ ಬಂದಿರಬಹುದು. ಕರುವಿಗೆ ಒಂದು ಗುಟುಕೂ ಹೆಚ್ಚು ಬರಲಿಲ್ಲ. ಅದರ ಬದಲಿಗೆ 'ಇಂದೂ ಬೆಲೆ ಕೊಡುತ್ತೇವೆ, ಆ ಲೀಟರನ್ನು ಕೆಚ್ಚಲಿನಲ್ಲಿಯೇ ಬಿಡು' ಎಂದರೆ? ಆಗ ರಸಪರಿತ್ಯಾಗವೇ ದಾನವೂ ಆಗುತ್ತದೆ. ದಾನವನ್ನು ಪಡೆಯುವವನು ಯಾರ ಪಾಲನ್ನು ದಿನವೂ ತೆಗೆದುಕೊಳ್ಳಲಾಗುತ್ತಿತ್ತೋ ಅವನೇ. ತಿಂಗಳಿಗೆ ನಾಲ್ಕು ಲೀಟರಿನ ಹಣ ಯಾವ ಮಧ್ಯಮ ವರ್ಗದ ಸಂಸಾರವನ್ನೂ ಮುಳುಗಿಸುವುದಿಲ್ಲ. ಅಲ್ಲಿಂದ ಮುಂದೆ, ಉಳಿದ ದಿನಗಳಲ್ಲಿಯೂ ಒಂದು ಮೊಲೆಯ ಹಾಲು ಕರುವಿಗೆಂದು ಗೊತ್ತುಮಾಡಿ ಅದಕ್ಕೆ ತಕ್ಕಂತೆ ಹೆಚ್ಚಿನ ದರ ಕೊಡುವುದು ಅಸಾಧ್ಯವಲ್ಲ.

ಗೌಳಿ ಮೊದಲು ನಗುತ್ತಾನೆ. ಆ ಮೇಲೆ, ಒಮ್ಮೆಗೇ ಹೆಚ್ಚು ಕುಡಿದರೆ ಕರುವಿಗೆ ಭೇದಿ ಹತ್ತುತ್ತದೆ ಎನ್ನುತ್ತಾನೆ. ಆ ಮಾತು ನಿಜ, ಆದುದರಿಂದ ಪಾಲನ್ನು ಸ್ವಲ್ಪಸ್ವಲ್ಪವಾಗಿಯೇ ಏರಿಸಬೇಕು. ಹಣ ಪಡೆದೂ ಹಾಲನ್ನು ಪೂರ್ತಿ ಕರೆದುಬಿಟ್ಟಾನೆಂಬ ಸಂಶಯವೂ ಇದೆ. ಅದಕ್ಕೆ ಉಪಾಯ ಒಂದೇ: ಮನೆಯವರಲ್ಲಿ ಯಾರಾದರೂ ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ನಿಂತಿರಬೇಕು, ಪಾತ್ರೆಯನ್ನು ತಾವೇ ತರಬೇಕು. ಮೊಮ್ಮಗನು ಅಜ್ಜನೊಡನೆ ಹೋಗಬಹುದು. ಕಾಯಿಸುವ ಮರ್ಯಾದೆಯೂ ಆಗ ತಾನಾಗಿ ಉಳಿಯುತ್ತದೆ. ಹಾಲು ಬಿಟ್ಟ ಮೇಲೆ ಕೋಣಗರುವನ್ನು ಯಾರು ಸಾಕಬೇಕೆಂಬ ಪ್ರಶ್ನೆ ಮಾತ್ರ ಇದರಿಂದ ತೀರುವುದಿಲ್ಲ. ಅದನ್ನು ಒಂದು ಮನೆ ಒಂಟಿಯಾಗಿ ಹೊರಲಾರದು. ಬಸದಿಯ ಪಂಚರು, ಊರಿನ ಗೋಶಾಲೆಯವರು ಕುಳಿತು ಲೆಕ್ಕ ಹಾಕಬೇಕು, ಹಸುವಿಗೆ ತೆರೆಯುವ ಗೋಶಾಲೆಯ ಬಾಗಿಲು ಕೋಣಕ್ಕೇಕೆ ತೆರೆಯದೆಂದು ಕೇಳಬೇಕು. ಮೊಮ್ಮಗನು ಕೊಟ್ಟಿಗೆಗೆ ಹೋಗತೊಡಗಿದ ಕೆಲವು ತಿಂಗಳಲ್ಲಿ ಆ ಪ್ರಶ್ನೆಯನ್ನು ಮನೆಯಲ್ಲಿ ಮೊದಲು ಎತ್ತುವವನು ಅವನೇ.