ಸೆಕ್ಟರಿಗೆ ಬಂದ ಜಂಗಮ

ಬಾಗಲಕೋಟೆ ಎಂಬ ಒಂದೇ ಹೆಸರಿನಡಿ ಈಗ ಎರಡು ಊರುಗಳಿವೆ. ಘಟಪ್ರಭೆಯ ಕಡೆಗಿರುವ ಹಳೆಯ ಊರನ್ನು ಕಿಲ್ಲಾ, ಹೊಸಪೇಟೆ, ವೆಂಕಟಪೇಟೆ, ಜೈನಪೇಟೆ ಎಂದು ಓಣಿಗಳ ಹೆಸರಿನಿಂದ ಗುರುತಿಸಬೇಕು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟವರಿಗಾಗಿ ಕೆಲವೇ ಕಿಲೋಮೀಟರ್ ಆಚೆ ಎದ್ದ ನವನಗರದಲ್ಲಿ ಸೆಕ್ಟರಿನ ಸಂಖ್ಯೆ ಹೇಳಿದರೆ ಸಾಕು. ಅಗಲವಾದ ರಸ್ತೆ, 1997ರಲ್ಲಿ ಜಿಲ್ಲೆಯಾದ ಮೇಲೆ ಬಂದ ಕಚೇರಿಗಳು, 2008ರ ತೋಟಗಾರಿಕೆ ವಿಶ್ವವಿದ್ಯಾಲಯ ಎಲ್ಲವೂ ಇವೆ. ಆದರೂ ಅಲ್ಲಿ ಊರಿನ ಕಳೆ ಇಲ್ಲ ಎಂಬ ದೂರು ಹೋಗಿಲ್ಲ. ಹಳಬರ ಹಳಹಳಿಕೆ ಎಂದು ಇದನ್ನು ತಳ್ಳಿಹಾಕಬಹುದು. ನನಗೆ ಅದರೊಳಗೆ ಒಂದು ಧರ್ಮದ ಪ್ರಶ್ನೆ ಕಾಣುತ್ತದೆ: ಊರು ಸ್ಥಾವರವೋ, ಜಂಗಮವೋ?

ಪ್ರಶ್ನೆ ಎರವಲು ತಂದದ್ದಲ್ಲ. ಕಲ್ಲಿನ ಗುಡಿಗಿಂತ ನಡೆದಾಡುವ ಚೈತನ್ಯವನ್ನು ದೊಡ್ಡದೆಂದ ಬಸವಣ್ಣನ ಕೂಡಲಸಂಗಮ ಇದೇ ಜಿಲ್ಲೆಯ ಹುನಗುಂದದ ಸೀಮೆಯಲ್ಲಿದೆ. ಆ ವಿಚಾರವನ್ನು ಬಾದಾಮಿಯಲ್ಲಿಟ್ಟು ಪರೀಕ್ಷಿಸಬಹುದು. ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಆದರೆ ಅಲ್ಲಿಗೆ ಬರುವವರು ನೋಡಿ ಹೋಗುವವರು; ಹರಕೆ ಹೊತ್ತವರಲ್ಲ. ಸ್ವಲ್ಪ ದೂರದ ಬನಶಂಕರಿಯ ಕಥೆ ತಿರುಗಾಮುರುಗಾ. ಈಗಿರುವ ಗುಡಿ ಚಾಲುಕ್ಯರದ್ದಲ್ಲ, 18ನೇ ಶತಮಾನದಲ್ಲಿ ಕಟ್ಟಿಸಿದ್ದು. ಆದರೂ ಬನದ ಹುಣ್ಣಿಮೆಗೆ ಬಂಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು ಬರುವ ಜನ ಗೋಡೆಯ ವಯಸ್ಸು ಕೇಳುವುದಿಲ್ಲ. ಕಲ್ಲು ಉಳಿದಲ್ಲಿ ಪೂಜೆ ನಿಂತಿತು, ಕಲ್ಲು ಬದಲಾದಲ್ಲಿ ಜಾತ್ರೆ ಉಳಿಯಿತು. ಊರಿನ ಜೀವ ಮನೆಗಳಲ್ಲಿಲ್ಲ, ಮನೆಯಿಂದ ಮನೆಗೆ ಹೋಗಿಬರುವ ರೂಢಿಯಲ್ಲಿದೆ ಎಂಬ ನನ್ನ ವಾದಕ್ಕೆ ಇಷ್ಟು ಆಧಾರ ಸದ್ಯಕ್ಕೆ ಸಾಕು.

ಇಲ್ಲಿ ಒಂದು ಆಕ್ಷೇಪ ಏಳಲೇಬೇಕು. ಮನೆ ಮುಳುಗಿದವರ ಮುಂದೆ ಜಂಗಮತತ್ವ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತಲ್ಲವೇ? ಸ್ಥಾವರ ಹೇಗೂ ಅಳಿಯುವುದೇ ಎಂದುಬಿಟ್ಟರೆ ಪರಿಹಾರದ ಕಡತ ಮುಚ್ಚುವವರಿಗೆ ಅದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ಆಕ್ಷೇಪ ನಿಜ, ಆದರೆ ಅದು ಬಡಿಯುವುದು ಜಂಗಮವನ್ನು ಬರೀ ಚಲನೆ ಎಂದು ತಿಳಿದವರನ್ನು. ಒಕ್ಕಲೆಬ್ಬಿಸಿದ ಮಾತ್ರಕ್ಕೆ ಯಾರೂ ಜಂಗಮರಾಗುವುದಿಲ್ಲ. ಜಂಗಮ ತಾನಾಗಿ ಹೊರಡುತ್ತಾನೆ, ಇನ್ನೊಬ್ಬರ ಬಾಗಿಲಿಗೆ ಹೋಗುತ್ತಾನೆ, ಆ ಬಾಗಿಲಿನೊಂದಿಗೆ ಅವನಿಗೆ ಕೊಡುಕೊಳ್ಳುವ ನಂಟಿರುತ್ತದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ‘ಮಹಾಂತ ಜೋಳಿಗೆ’ ಹಿಡಿದು ಹೊರಟಾಗ ಈ ಅರ್ಥ ಕಣ್ಣಿಗೆ ಕಟ್ಟಿತು. ಜೋಳಿಗೆ ಹಳೆಯದೇ. ಅವರು ಬೇಡಿದ್ದು ಮಾತ್ರ ಜೋಳವನ್ನಲ್ಲ, ದುಶ್ಚಟಗಳನ್ನು; ಕುಡಿತ, ತಂಬಾಕುಗಳನ್ನು ಅದಕ್ಕೆ ಹಾಕಿ ಎಂದರು. ಬಾಗಿಲಲ್ಲಿ ನಿಂತು ಕೇಳುವವನೊಬ್ಬ ಇದ್ದಾನೆಂಬುದೇ ಅಲ್ಲಿ ಧರ್ಮ. ನವನಗರದ ಕೊರತೆಯನ್ನು ನಾನು ಹೀಗೆ ಓದುತ್ತೇನೆ: ಕಟ್ಟಡ ಸಾಲದೆ ಅಲ್ಲ, ಕೇಳಿಕೊಂಡು ಬರುವವರು ಸಾಲದೆ. ಅದು ಅಲ್ಲಿನವರ ತಪ್ಪೂ ಅಲ್ಲ. ಭೂಸ್ವಾಧೀನದ ಲೆಕ್ಕ ಹೊಲಕ್ಕೆ, ಮನೆಗೆ, ಗಿಡಮರಕ್ಕೆ ಬೆಲೆ ಕಟ್ಟಬಲ್ಲದು, ನೆರೆಮನೆಗೆ ಕಟ್ಟಲಾರದು.

ಎರಡನೆಯ ಆಕ್ಷೇಪ ಇನ್ನೂ ಬಿಗಿಯಾದದ್ದು. ಸ್ಥಾವರವನ್ನು ಅಷ್ಟು ಹಗುರವೆಂದ ಬಸವಣ್ಣನ ಐಕ್ಯಸ್ಥಳಕ್ಕೇ ನಾರಾಯಣಪುರದ ಹಿನ್ನೀರು ನುಗ್ಗದಂತೆ ಸುತ್ತ ಗೋಡೆ ಕಟ್ಟಿದ್ದೇವೆ. ಭಕ್ತರು ಮೆಟ್ಟಿಲಿಳಿದು ಬಾವಿಯಂಥ ಆಳದಲ್ಲಿ ಅಲ್ಲಿನ ಲಿಂಗವನ್ನು ಕಾಣುತ್ತಾರೆ. ಇದು ತತ್ವದ ಸೋಲೇ? ವ್ಯಂಗ್ಯವೇನೋ ಇದೆ, ಒಪ್ಪೋಣ. ಆದರೆ ಹೊರಟವನಿಗೆ ಹೋಗಿ ಮುಟ್ಟಲು ಒಂದು ಜಾಗ ಬೇಕು. ಹೊಸ್ತಿಲೇ ಇಲ್ಲದಿದ್ದರೆ ಜೋಳಿಗೆ ಎಲ್ಲಿ ಚಾಚಬೇಕು? ಆ ಗೋಡೆ ಕಾಯುತ್ತಿರುವುದು ಕಲ್ಲನ್ನಲ್ಲ, ಜನ ಬಂದು ಸೇರುವ ದಾರಿಯ ಕೊನೆಯನ್ನು. ಹಾಗಾಗಿ ನನ್ನ ವಾದವನ್ನು ತುಸು ತಿದ್ದಿಕೊಳ್ಳಬೇಕು: ಸ್ಥಾವರ ಬೇಡವೆಂದಲ್ಲ, ಜಂಗಮದ ಸೇವೆಗೆ ನಿಂತಷ್ಟು ಹೊತ್ತು ಅದಕ್ಕೆ ಮರ್ಯಾದೆ.

ಬಾಗಲಕೋಟೆಯ ಹೋಳಿ ಇದನ್ನು ತನ್ನದೇ ರೀತಿಯಲ್ಲಿ ಅರಿತಿದೆ. ಹಲಗಿ ಬಾರಿಸುತ್ತ, ಬ್ಯಾರಲ್ಲುಗಳಲ್ಲಿ ಬಣ್ಣ ತುಂಬಿದ ಬಂಡಿಗಳು ಹೊರಡುವುದು ಇಂದಿಗೂ ಓಣಿಗಳ ಹೆಸರಿನಲ್ಲಿ. ಸೆಕ್ಟರ್ ಸಂಖ್ಯೆಗೆ ಅಂಥ ಹಲಗಿ ಇನ್ನೂ ಹುಟ್ಟಿಲ್ಲ. ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಮತ್ತಷ್ಟು ಮನೆಗಳು ಹಿನ್ನೀರಿಗೆ ಹೋಗುತ್ತವೆ, ಮತ್ತೆ ನಿವೇಶನದ ಪಟ್ಟಿಗಳು ಸಿದ್ಧವಾಗುತ್ತವೆ. ಆ ಪಟ್ಟಿಯಲ್ಲಿ ಕುಟುಂಬದ ಯಜಮಾನನ ಹೆಸರಿನ ಪಕ್ಕ ಅವನ ಓಣಿಯ ಹೆಸರನ್ನೂ ಬರೆದು, ಒಂದೇ ಓಣಿಯವರಿಗೆ ಒಂದೇ ಸಾಲಿನಲ್ಲಿ ಜಾಗ ಕೊಡಲು ಎಂಜಿನಿಯರಿಗೆ ಹೆಚ್ಚಿನ ಸಿಮೆಂಟೇನೂ ಬೇಕಾಗದು.